ನೀಲಕ್ಕನ ಕೈಯೊಳಗೆ ಚಿಪ್ ಯಾಕೆ?

ನೀಲಕ್ಕನ ಹೆಬ್ಬೆರಳಿನಲ್ಲಿ ಗೆರೆಗಳಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆಯುತ್ತಾಳೆ. ಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮವನ್ನು ಸುಡುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿ, ಅದರ ಮೇಲೆ ಬೂದಿ ಸವರಿಕೊಂಡು ಕೂತರೂ ಸುಡುತ್ತದೆ. ಬೆರಳ ತುದಿಯ ಗೆರೆಗಳು ಎಂದೋ ಸವೆದು ಹೋಗಿವೆ. ನಮ್ಮ ಬೆಳುವಾಯಿ ಕಡೆ ಇಂಥ ಹೆಂಗಸರು ಬೇಕಾದಷ್ಟು ಇದ್ದಾರೆ.

ಹಾಗಾಗಿ ರೇಷನ್ ಅಂಗಡಿಯಲ್ಲಿ ಪ್ರತಿ ತಿಂಗಳೂ ಇದೇ ಗೋಳು.

“ಇನ್ನೊಮ್ಮೆ ಒತ್ತಿ ನೀಲಕ್ಕ.”

“ಒತ್ತಿದೆನಲ್ಲಾ.”

“ಒರೆಸಿ ಒತ್ತಿ.”

“ಎಷ್ಟು ಒರೆಸುದು ಮಾರಾಯ? ಇನ್ನು ಒರೆಸಿದ್ರೆ ಮೂಳೆ ಕಾಣ್ತದೆ.”

ಸಾಲಿನಲ್ಲಿ ನಿಂತವರು ನಗುತ್ತಾರೆ. ಕೊನೆಗೆ ಮನೆಗೆ ಫೋನ್ ಮಾಡಿ, ಗಂಡ ಶಂಭಣ್ಣನ ಮೊಬೈಲಿಗೆ ಬಂದ ಒಟಿಪಿ ಕೇಳಿ ಅಕ್ಕಿ ತರುತ್ತಾಳೆ. ಫ್ಯಾಕ್ಟರಿಯ ಹಾಜರಿ ಯಂತ್ರದಲ್ಲೂ ಅದೇ ಕಥೆ. ಹೆಬ್ಬೆರಳು ಒತ್ತಿದರೆ ಕೆಂಪು ದೀಪ. ಬೆಳಿಗ್ಗೆ ಎಂಟಕ್ಕೆ ಹೋಗಿ ಬೀಜ ಒಡೆದವಳು ಸಂಜೆ ನೋಡಿದರೆ ಗೈರುಹಾಜರು.

ನಾನು ಹರಿಣಾಕ್ಷಿ, ಈ ಊರಿನ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು ಮನೆಮನೆಗೆ ಬರುವವಳು. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ಮೂರು ತಿಂಗಳಾದರೂ ಇಳಿದಿಲ್ಲ. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೆಯೇ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಒಂದು ದಿನ ಆ ಫ್ಯಾಕ್ಟರಿಯಿಂದ ಫೋನ್ ಬಂತು. ಹೆಸರು ಇಲ್ಲಿ ಬೇಡ. “ಆರೋಗ್ಯ ಶಿಬಿರ ಉಂಟು ಮೇಡಂ. ಬಿಪಿ, ಶುಗರ್ ನೋಡ್ತೇವೆ. ನೀವು ಬಂದ್ರೆ ಹೆಂಗಸರಿಗೆ ಧೈರ್ಯ” ಅಂದರು. ನನ್ನನ್ನು ಮೇಡಂ ಅಂದವರು ಕಡಿಮೆ. ಹಿಗ್ಗಿಬಿಟ್ಟೆ. ನಮ್ಮ ಆಸ್ಪತ್ರೆಯ ಮನೋರಮಾ ಡಾಕ್ಟರಿಗೆ ಒಂದು ಮಾತು ಹೇಳದೆ, ಸೀರೆಗೆ ಇಸ್ತ್ರಿ ಹಾಕಿಕೊಂಡು ಹೋದೆ.

ಅಲ್ಲಿ ಎರಡು ಮೇಜು ಇತ್ತು. ಒಂದರಲ್ಲಿ ಬಿಪಿ ನೋಡುತ್ತಿದ್ದರು. ಇನ್ನೊಂದರಲ್ಲಿ ಬಿಳಿ ಕೋಟಿನ ಒಬ್ಬ ಮನುಷ್ಯ ಸೂಜಿ ಹಿಡಿದು ಕೂತಿದ್ದ. “ಇದು ಎಂತದು?” ಅಂತ ಕೇಳಿದೆ. ಸೂಪರ್‌ವೈಸರ್ ನಿತೇಶ್ ನಗುತ್ತಾ, “ಹಾಜರಿಗೆ ಮೇಡಂ. ಹೆಬ್ಬೆರಳಿನ ಮಂಡೆಬಿಸಿ ಇನ್ನು ಇಲ್ಲ” ಅಂದ. ಹೆಬ್ಬೆರಳು, ತೋರುಬೆರಳಿನ ನಡುವಿನ ಮೆತ್ತಗಿನ ಜಾಗದಲ್ಲಿ ಒಂದು ಚಿಪ್ ಇಡುವುದಂತೆ. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಆಮೇಲೆ ಯಂತ್ರದ ಮುಂದೆ ಕೈ ಹಿಡಿದರೆ ಹಾಜರಿ.

ಸೂಜಿ ನೋಡಿದೆ. ನಾವು ಲಸಿಕೆಗೆ ಬಳಸುವ ಸೂಜಿಗಿಂತ ಎಷ್ಟೋ ದಪ್ಪ. ಆಗಲಾದರೂ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೆಂಗಸರು ನನ್ನ ಸೀರೆ ನೋಡಿ ಇದು ಸರ್ಕಾರದ ಸೂಜಿ ಅಂದುಕೊಂಡರು. ಅವತ್ತು ಐವರು ಹಾಕಿಸಿಕೊಂಡರು. ಅವರಲ್ಲೊಬ್ಬಳಾದ ಸಬೀಹಾ ಹೆದರಿ ಕಣ್ಣು ಮುಚ್ಚಿದಾಗ ಅವಳ ಇನ್ನೊಂದು ಕೈ ಹಿಡಿದು “ಇರುವೆ ಕಚ್ಚಿದ ಹಾಗೆ ಅಷ್ಟೇ” ಅಂತ ಸಮಾಧಾನ ಹೇಳಿದ್ದು ನಾನು. ಹದಿನಾಲ್ಕು ವರ್ಷದಿಂದ ಎಷ್ಟೋ ತಾಯಂದಿರಿಗೆ ಹೇಳಿದ ಮಾತು ಅದು. ಅವತ್ತು ಅದನ್ನು ಹೋಗಬಾರದ ಕಡೆ ಹೋಗಿ ಹೇಳಿದೆ.

ಹದಿನೈದು ದಿನ ಕಳೆಯಿತು. ಫ್ಯಾಕ್ಟರಿಯ ಕಕ್ಕಸಿನ ಬಾಗಿಲಿಗೂ ಒಂದು ಯಂತ್ರ ಬಂತು. ಚಿಪ್ ಇದ್ದವರು ಕೈ ಹಿಡಿದರೆ ಮಾತ್ರ ಆ ಬಾಗಿಲು ತೆರೆಯುತ್ತದೆ. “ಹೊಸ ಕಕ್ಕಸು, ಟೈಲ್ಸ್ ಹಾಕಿದ್ದು, ನಿಮಗೆ ಐದು ಜನರಿಗೇ” ಅಂತ ನಿತೇಶ್ ಹೇಳಿದನಂತೆ. ಅವರೂ ಖುಷಿಪಟ್ಟರಂತೆ. ಬಾಗಿಲು ತೆರೆದಾಗಲೆಲ್ಲ ಯಾರು, ಎಷ್ಟು ಗಂಟೆಗೆ, ಎಷ್ಟು ಹೊತ್ತು ಅಂತ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ ಅಂತ ಯಾರೂ ಅವರಿಗೆ ಹೇಳಲಿಲ್ಲ.

ಒಂದು ಸಂಜೆ ಕೆಲಸ ಬಿಡುವ ಹೊತ್ತು. ಗೇಟಿನ ಹತ್ತಿರ ನಿತೇಶ್ ಒಂದು ಕಾಗದ ಹಿಡಿದು ನಿಂತ.

“ಸಬೀಹಾ, ಬುಧವಾರ ಒಂಬತ್ತು ಸಲ. ಗುರುವಾರ ಎಂಟು ಸಲ. ಬೆಳಿಗ್ಗೆ ಬೆಳಿಗ್ಗೆ ಹೋದ್ರೆ ಇಪ್ಪತ್ತು ನಿಮಿಷ. ಎಂತ ಮಾರಾಯ್ತಿ, ವಾಂತಿಯಾ? ಹೊಟ್ಟೆಯಲ್ಲಿ ಮಗು ಉಂಟಾ?”

ನೂರಾರು ಜನರ ಮುಂದೆ. ಸೊಸೆಯನ್ನು ಕರೆದುಕೊಂಡು ಹೋಗಲು ಬಂದಿದ್ದ ಸಬೀಹಾಳ ಅತ್ತೆ ಗೇಟಿನ ಹೊರಗೆ ನಿಂತಿದ್ದರು. ಅವರಿಗೂ ಹಾಗೆಯೇ ಗೊತ್ತಾಯಿತು.

ಮಗು ಇತ್ತು. ಹತ್ತನೇ ವಾರ. ಗಂಡ ಹನೀಫಾನನ್ನು ಬಿಟ್ಟರೆ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ, ಯಾಕೆಂದರೆ ಬಸುರಿಯರಿಗೆ ಕೊಡುವ ತಾಯಿ ಕಾರ್ಡ್ ಅವಳಿಗೆ ಮಾಡಿಸಿದ್ದು ನಾನೇ. ಇದಕ್ಕೆ ಮೊದಲು ಎರಡು ಸಲ ಅವಳಿಗೆ ಮೂರನೇ ತಿಂಗಳಲ್ಲಿ ಗರ್ಭ ಹೋಗಿತ್ತು. ಈ ಸಲ ಮೂರು ತಿಂಗಳು ದಾಟುವವರೆಗೆ ಯಾರಿಗೂ ಹೇಳಬೇಡಿ ಅಂತ ನನ್ನ ಕೈ ಹಿಡಿದು ಕೇಳಿಕೊಂಡಿದ್ದಳು. ನನ್ನ ಪುಸ್ತಕದಲ್ಲಿ ಇನ್ನೂರು ಮನೆಯ ಗುಟ್ಟು ಉಂಟು. ಯಾರಿಗೆ ಯಾವ ಕಾಯಿಲೆ, ಯಾರು ಆಪರೇಷನ್ ಮಾಡಿಸಿಕೊಂಡರು, ಎಲ್ಲವೂ ಉಂಟು. ನನ್ನ ಸ್ವಂತ ತಂಗಿಗೂ ಒಂದು ಸಾಲು ಹೇಳಿದವಳಲ್ಲ ನಾನು. ಆ ಗುಟ್ಟನ್ನು ಒಂದು ಬಾಗಿಲು ಹೊರಗೆ ಹಾಕಿತು. (ಸಬೀಹಾಳನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ ಇಲ್ಲಿ ಹೇಳುತ್ತಿದ್ದೇನೆ.)

ಎರಡು ದಿನ ಬಿಟ್ಟು ನಿತೇಶ್ ಅವಳಿಗೆ, “ತಿಂಗಳ ಕೊನೆಯಿಂದ ಬರುವುದು ಬೇಡ, ಕೆಲಸ ಕಡಿಮೆ ಉಂಟು” ಅಂದ. ಕೆಲಸ ಕಡಿಮೆ ಇರಲಿಲ್ಲ. ಹೆರಿಗೆ ರಜೆ ಕೊಡುವುದು ಅವರಿಗೆ ಬೇಡವಾಗಿತ್ತು, ಅಷ್ಟೇ.

ನಾನು ಮನೋರಮಾ ಡಾಕ್ಟರ ಹತ್ತಿರ ಓಡಿದೆ. ಫ್ಯಾಕ್ಟರಿಯವರು ಶಿಬಿರದ ದಿನ ಸಹಿ ಹಾಕಿಸಿಕೊಂಡಿದ್ದ ಇಂಗ್ಲಿಷ್ ಕಾಗದದ ಪ್ರತಿ ಸಬೀಹಾಳ ಹತ್ತಿರ ಇತ್ತು. ಡಾಕ್ಟರು ಅದನ್ನು ಓದಿದರು, ಕನ್ನಡಕ ತೆಗೆದರು.

“ಹರಿಣಾಕ್ಷಿ, ಇದರಲ್ಲಿ ಎಂತ ಬರ್ದಿದ್ದಾರೆ ಗೊತ್ತುಂಟಾ? ಚಿಪ್ಪಿನಿಂದ ಸಿಗುವ ಎಲ್ಲ ಮಾಹಿತಿ ಕಂಪನಿಯದ್ದಂತೆ. ಬೇರೆ ಕಂಪನಿಗೂ ಕೊಡಬಹುದಂತೆ. ಕೆಲಸ ಬಿಟ್ಟ ಮೇಲೂ ಇಟ್ಟುಕೊಳ್ತಾರಂತೆ. ತೆಗೆಸುವ ಖರ್ಚು ಮಾತ್ರ ಹೆಂಗಸರದ್ದೇ ಅಂತೆ.”

“ಅವರು ಹಾಜರಿಗೆ ಅಂತ ಮಾತ್ರ ಹೇಳಿದ್ರು ಡಾಕ್ಟ್ರೇ.”

“ನೀವು ಯಾಕೆ ಅಲ್ಲಿ ಹೋಗಿ ನಿಂತಿರಿ? ಈ ಸೀರೆ ಉಟ್ಟುಕೊಂಡು?”

ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಬಂದದ್ದು ಹೋಗಲೇ ಇಲ್ಲ.

ಅಷ್ಟರಲ್ಲಿ ಫ್ಯಾಕ್ಟರಿಯಲ್ಲಿ ಎರಡನೇ ಶಿಬಿರದ ಸುದ್ದಿ. ಸೋಮವಾರ ಬೆಳಿಗ್ಗೆ, ಬೀಜ ಒಡೆಯುವ ಐವತ್ತು ಹೆಂಗಸರಿಗೆ. ಪಟ್ಟಿಯಲ್ಲಿ ಮೊದಲ ಹೆಸರು ನೀಲಾವತಿ, ಅಂದರೆ ನಮ್ಮ ನೀಲಕ್ಕ. ಎಲ್ಲರಿಗಿಂತ ಹಳಬಳು ಅವಳು. ಅವಳು ಕೈ ನೀಡಿದರೆ ಉಳಿದವರೂ ನೀಡುತ್ತಾರೆ. ನಿತೇಶನಿಗೂ ಅದು ಚೆನ್ನಾಗಿ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ನೀಲಕ್ಕನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಬಸಳೆ ಬಿಡಿಸುತ್ತಿದ್ದಳು. ಶಂಭಣ್ಣ ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು.

“ನೀಲಕ್ಕ, ನಾಳೆ ಆ ಚಿಪ್ ಹಾಕಿಸ್ಬೇಡಿ” ಅಂದೆ.

ಅವಳು ಬಸಳೆಯಿಂದ ತಲೆ ಎತ್ತಲಿಲ್ಲ. “ಅವತ್ತು ಸಬೀಹಾಳ ಕೈ ಹಿಡ್ಕೊಂಡು ನಿಂತದ್ದು ಯಾರು? ನೀನೇ ಅಲ್ವಾ? ಈಗ ನನ್ನ ಸರದಿ ಬರುವಾಗ ಬೇಡ ಅಂತೀಯಾ?”

“ಅವತ್ತು ನನ್ನದು ತಪ್ಪಾಯ್ತು.”

“ಕೊರೋನಾ ಟೈಮಲ್ಲಿ ಎಲ್ರೂ ಸೂಜಿಯಲ್ಲಿ ಚಿಪ್ ಉಂಟು ಅಂತ ಹೆದರಿ ಒಳಗೆ ಕೂತಿದ್ರು. ಚಿಪ್ಪೂ ಇಲ್ಲ ಮಣ್ಣೂ ಇಲ್ಲ, ಬನ್ನಿ ಅಂತ ಬೈದು ಕರ್ಕೊಂಡು ಹೋದದ್ದೂ ನೀನೇ. ನಿನ್ನ ಯಾವ ಮಾತು ನಂಬುದು ಮಾರಾಯ್ತಿ?”

“ಎರಡೂ ನಂಬಿ ನೀಲಕ್ಕ. ಆ ಸೂಜಿಯಲ್ಲಿ ಇದ್ದದ್ದು ಔಷಧಿ. ಚಿಪ್ ಇರ್ಲಿಲ್ಲ. ಯಾವ ಲಸಿಕೆಯಲ್ಲೂ ಇಲ್ಲ. ಈ ಸೂಜಿಯಲ್ಲಿ ಔಷಧಿ ಇಲ್ಲ, ಚಿಪ್ ಮಾತ್ರ ಇರುದು. ಅವರೇ ಹೇಳಿ ಹಾಕ್ತಾರೆ.”

ಶಂಭಣ್ಣ ಬಾಯಿ ಹಾಕಿದರು. “ನಮ್ಮ ದನಕ್ಕೂ ಕಿವಿಗೆ ಬಿಲ್ಲೆ ಹಾಕಿದ್ದಾರೆ. ಎಂತ ಆಯ್ತು? ಹಾಲು ಕೊಡ್ತಾ ಉಂಟು.”

“ದನಕ್ಕೆ ಬಿಲ್ಲೆ ಹಾಕುವಾಗ ನಿಮ್ಮನ್ನು ಕೇಳಿದ್ರು ಶಂಭಣ್ಣ. ದನವನ್ನು ಕೇಳ್ಲಿಲ್ಲ. ನೀಲಕ್ಕನ ಯಜಮಾನ ಆ ಫ್ಯಾಕ್ಟರಿಯವನಾ?”

ಅವರು ಉಗುಳಲು ಎದ್ದು ಹೋದರು. ಬಂದು ಕೂತ ಮೇಲೆ ದನಿ ಸ್ವಲ್ಪ ತಗ್ಗಿತ್ತು. “ಅಲ್ಲ, ಅದನ್ನು ಹಾಕಿದ್ರೆ ಇವಳು ಎಲ್ಲೆಲ್ಲಿ ಹೋಗ್ತಾಳೆ ಅಂತ ಆಕಾಶದಿಂದ ಕಾಣ್ತದಂತೆ, ಹೌದಾ?”

“ಇಲ್ಲ. ಸುಳ್ಳು ಹೇಳಿ ಹೆದರಿಸ್ಲಿಕ್ಕೆ ಬಂದದ್ದಲ್ಲ ನಾನು. ಅದರಲ್ಲಿ ಬ್ಯಾಟರಿ ಇಲ್ಲ. ನೀಲಕ್ಕ ಎಲ್ಲಿದ್ದಾರೆ ಅಂತ ಅದಕ್ಕೆ ಗೊತ್ತಾಗುದಿಲ್ಲ. ಯಂತ್ರದ ಹತ್ತಿರ ಕೈ ಹಿಡಿದ್ರೆ ಮಾತ್ರ ನಂಬರ್ ಹೇಳ್ತದೆ.”

“ಹಾಗಾದ್ರೆ ಎಂತ ತೊಂದರೆ?”

“ಆ ಯಂತ್ರ ಎಲ್ಲೆಲ್ಲಿ ಇಡ್ಬೇಕು ಅಂತ ಹೇಳುವವರು ಯಾರು? ಮೊದಲು ಗೇಟಿಗೆ ಅಂದ್ರು. ಆಮೇಲೆ ಕಕ್ಕಸಿನ ಬಾಗಿಲಿಗೆ ಬಂತು. ನಾಳೆ ಊಟದ ಕೋಣೆಗೆ, ನೀರಿನ ನಳ್ಳಿಗೆ. ಕುತ್ತಿಗೆಗೆ ಹಾಕುವ ಕಾರ್ಡಾದ್ರೆ ಮನೆಗೆ ಬಂದು ಮೊಳೆಗೆ ನೇತು ಹಾಕಬಹುದು. ಕೈ ತೆಗೆದು ನೇತು ಹಾಕ್ಲಿಕ್ಕೆ ಆಗ್ತದಾ?”

ನೀಲಕ್ಕ ಈಗ ತಲೆ ಎತ್ತಿದಳು. “ನೋಡಿದ್ರೆ ನೋಡ್ಲಿ. ನನ್ನಲ್ಲಿ ಮುಚ್ಚಿಡ್ಲಿಕ್ಕೆ ಎಂತ ಉಂಟು?”

“ನಿಮ್ಮ ಬಚ್ಚಲಿಗೆ ಚಿಲಕ ಯಾಕೆ ಹಾಕಿಸಿದ್ದು? ಒಳಗೆ ಕಳ್ಳತನ ಮಾಡ್ತೀರಾ?”

ಶಂಭಣ್ಣ ನಕ್ಕರು. ನೀಲಕ್ಕ ನಗಲಿಲ್ಲ.

“ನಿತೇಶ ಹೇಳಿದ, ಮುಂದೆ ರೇಷನ್ ಅಂಗಡಿಯಲ್ಲೂ ಇದೇ ಆಗ್ತದಂತೆ.”

“ಹಸಿ ಸುಳ್ಳು. ಸರ್ಕಾರದ ಯಾವ ಕೆಲಸಕ್ಕೂ ಇವತ್ತು ಚಿಪ್ ಕೇಳುದಿಲ್ಲ. ರೇಷನಿಗೆ ಒಟಿಪಿ ಉಂಟಲ್ಲ.”

“ಸರಿ. ನಾಳೆ ಕೈ ಕೊಡದಿದ್ದವರು ಮಂಗಳವಾರ ಬರುದು ಬೇಡ ಅಂದಿದ್ದಾನೆ. ಅದಕ್ಕೆ ಎಂತ ಹೇಳ್ತಿ? ನಿನ್ನ ಸಿಟ್ಟು ನನ್ನ ಒಲೆ ಉರಿಸ್ತದಾ?”

ನನ್ನ ಸಿಟ್ಟಿನಿಂದ ಯಾರ ಒಲೆಯೂ ಉರಿಯುವುದಿಲ್ಲ, ನಿಜ. ಅಷ್ಟು ಹೊತ್ತಿಗೆ ಅಂಗಳಕ್ಕೆ ಸಬೀಹಾ ಬಂದಳು. ನಾನು ಬರಲು ಹೇಳಿರಲಿಲ್ಲ. ಅವಳಾಗಿಯೇ ಬಂದದ್ದು. ಕೈಯಲ್ಲಿ ಹನೀಫಾನ ಫೋನ್ ಇತ್ತು.

“ನೀಲಕ್ಕ, ಒಮ್ಮೆ ಇದನ್ನು ನೋಡಿ” ಅಂದಳು. ಫೋನಿನ ಬೆನ್ನನ್ನು ತನ್ನ ಹೆಬ್ಬೆರಳಿನ ಬುಡಕ್ಕೆ ತಾಗಿಸಿದಳು. ಟಿಂಗ್ ಅಂತ ಸದ್ದು ಬಂತು. ಪರದೆಯ ಮೇಲೆ ಅವಳ ಹೆಸರು, ಫ್ಯಾಕ್ಟರಿಯ ಹೆಸರು, ಅವಳ ನಂಬರ್.

“ಇದಕ್ಕೆ ಬೀಗ ಕೂಡ ಹಾಕಿಲ್ಲ ಇವರು. ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತಾಗ ಯಾರಾದ್ರೂ ಫೋನ್ ತಾಗಿಸಿದ್ರೆ ಆಯ್ತು. ನನ್ನ ಹೆಸರು ಅವನ ಜೇಬಲ್ಲಿ.”

ಶಂಭಣ್ಣ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ನೀಲಕ್ಕ ಮಾತ್ರ, “ಅದು ಇರ್ಲಿ. ನೀನು ಬಸುರಿಯಂತೆ, ಒಳ್ಳೆ ಸುದ್ದಿ ಅಲ್ವಾ? ನಾಲ್ಕು ಜನಕ್ಕೆ ಗೊತ್ತಾದ್ರೆ ಎಂತ?” ಅಂದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವಳಿಗೆ ಹಿಂದಿನದ್ದು ಗೊತ್ತಿರಲಿಲ್ಲ.

ಸಬೀಹಾ ಮೆಟ್ಟಿಲ ಮೇಲೆ ಕೂತಳು. “ಎರಡು ಸಲ ಹೋಯ್ತು ನೀಲಕ್ಕ. ಎರಡು ಸಲವೂ ಮೊದಲೇ ಎಲ್ರಿಗೂ ಹೇಳಿದ್ದೆ. ಆಮೇಲೆ ಆರು ತಿಂಗಳು ಎದುರು ಸಿಕ್ಕಿದವರೆಲ್ಲ ಕೇಳಿದ್ರು, ಎಷ್ಟಾಯ್ತು, ಎಷ್ಟಾಯ್ತು ಅಂತ. ಒಬ್ಬೊಬ್ಬರಿಗೂ ಹೋಯ್ತು ಅಂತ ಹೇಳ್ಬೇಕು. ಈ ಸಲ ಯಾರೂ ಕೇಳ್ಬಾರ್ದು ಅಂತ ಇದ್ದೆ. ಅತ್ತೆಗೆ ನಾನೇ ಹೇಳ್ಬೇಕು ಅಂತ ಇದ್ದೆ. ಅವನು ಗೇಟಲ್ಲಿ ನಿಂತು ಓದಿದ. ಈಗ ಕಕ್ಕಸಿಗೆ ಹೋಗ್ಲಿಕ್ಕೇ ಹೆದರಿಕೆ. ನೀರು ಕುಡಿಯುದು ಕಡಿಮೆ ಮಾಡಿದ್ದೇನೆ.”

ಬಸುರಿ ಹೆಂಗಸು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಾಳೆ! ಅದು ನನಗೂ ಗೊತ್ತಿರಲಿಲ್ಲ. ನನ್ನ ಮೈ ಉರಿದು ಹೋಯಿತು.

ನೀಲಕ್ಕ ಬಸಳೆ ಬದಿಗಿಟ್ಟಳು. ಸಬೀಹಾಳ ಕೈ ತೆಗೆದುಕೊಂಡು, ಗೆರೆಯಿಲ್ಲದ ತನ್ನ ಹೆಬ್ಬೆರಳಿನಿಂದ ಆ ಜಾಗವನ್ನು ಒತ್ತಿ ನೋಡಿದಳು. ತುಂಬ ಹೊತ್ತು ನೋಡಿದಳು.

“ಒಳಗೆ ಜಾರ್ತಾ ಉಂಟಲ್ಲಾ ಇದು” ಅಂದಳು. ಆಮೇಲೆ ಒಳಗೆ ಹೋಗಿ ಒಂದು ಚೊಂಬು ನೀರು, ಬೆಲ್ಲ ತಂದು ಸಬೀಹಾಳ ಮುಂದೆ ಇಟ್ಟಳು. “ಕುಡಿ. ಪೂರಾ ಕುಡಿ. ನಮ್ಮ ಬಚ್ಚಲಿಗೆ ಯಂತ್ರ ಇಲ್ಲ.” ಸಬೀಹಾ ಕುಡಿದು ಮುಗಿಸುವವರೆಗೆ ಅಲ್ಲೇ ನಿಂತಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಆಚೆ ಮನೆಗೆ ಹೊರಟಳು. ಅಲ್ಲಿಂದ ಇನ್ನೊಂದು ಮನೆಗೆ. ನಾವಿಬ್ಬರೂ ಅವಳ ಹಿಂದೆ ನಡೆದೆವು.

ಸೋಮವಾರ ಬೆಳಿಗ್ಗೆ ಏಳೂವರೆಗೆ ನಾನು ಫ್ಯಾಕ್ಟರಿಯ ಗೇಟಿನಲ್ಲಿದ್ದೆ. ಅದೇ ಗುಲಾಬಿ ಸೀರೆ. ಮನೋರಮಾ ಡಾಕ್ಟರಿಗೆ ಈ ಸಲ ಹೇಳಿಯೇ ಬಂದಿದ್ದೆ. ಒಳಗೆ ಮೇಜು ಹಾಕಿಯಾಗಿತ್ತು, ಬಿಳಿ ಕೋಟಿನವನು ಕೂತಾಗಿತ್ತು. ಹೆಂಗಸರು ಒಬ್ಬೊಬ್ಬರೇ ಬಂದು ಸಾಲು ನಿಂತರು. ಎಲ್ಲರ ಕೈಯೂ ಸೆರಗಿನೊಳಗೆ.

ನಾನು ಗಟ್ಟಿಯಾಗಿ ಹೇಳಿದೆ, “ಅವತ್ತು ನಾನು ಇಲ್ಲಿ ನಿಂತದ್ದು ತಪ್ಪು. ಇದು ಸರ್ಕಾರದ ಸೂಜಿ ಅಲ್ಲ. ಆರೋಗ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೇಡ ಅಂತ ಹೇಳುವ ಹಕ್ಕು ನಿಮಗೆ ಉಂಟು.”

“ಮೇಡಂ, ನಿಮಗೆ ಇಲ್ಲಿ ಕೆಲಸ ಇಲ್ಲ, ಹೊರಡಿ” ಅಂದ ನಿತೇಶ್. ಪಟ್ಟಿ ತೆಗೆದ. “ನೀಲಾವತಿ! ಬನ್ನಿ, ಕೈ.”

ನೀಲಕ್ಕ ಮುಂದೆ ಬಂದಳು. ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದಳು. ಮೊಣಕೈವರೆಗೆ ಎಣ್ಣೆ, ಅದರ ಮೇಲೆ ಒಲೆಯ ಬೂದಿ. ಬೀಜ ಒಡೆಯಲು ಕೂರುವಾಗ ಹಚ್ಚಿಕೊಳ್ಳುವ ಹಾಗೆಯೇ. ಆದರೆ ಇವತ್ತು ಮನೆಯಿಂದಲೇ ಹಚ್ಚಿಕೊಂಡು ಬಂದಿದ್ದಳು.

“ಇದು ಎಂತ ಅವಸ್ಥೆ? ತೊಳೆದು ಬನ್ನಿ” ಅಂದ ಅವನು.

“ತೊಳಿಲಿಕ್ಕೆ ಇಲ್ಲ. ಈ ಕೈ ಬೀಜ ಒಡಿಲಿಕ್ಕೆ ತಯಾರು ಮಾಡಿದ್ದು. ಸೂಜಿಗೆ ಅಲ್ಲ.”

ಅವಳ ಹಿಂದಿನವಳು ಕೈ ತೆಗೆದಳು. ಬೂದಿ. ಅವಳ ಹಿಂದಿನವಳದ್ದೂ ಬೂದಿ. ಐವತ್ತು ಹೆಂಗಸರು, ನೂರು ಕೈ, ಎಲ್ಲವೂ ಬೂದಿ ಬಣ್ಣ. ಬಿಳಿ ಕೋಟಿನವನು ಒಮ್ಮೆ ಆ ಕೈಗಳನ್ನು, ಒಮ್ಮೆ ತನ್ನ ಸೂಜಿಯನ್ನು ನೋಡಿ, “ಈ ಕೈಗೆ ಹಾಕ್ಲಿಕ್ಕೆ ಆಗುದಿಲ್ಲ, ಕೀವಾಗ್ತದೆ” ಅಂದ. ಅಷ್ಟಾದರೂ ಸತ್ಯ ಹೇಳಿದ, ಪುಣ್ಯಾತ್ಮ.

“ಹಾಗಾದ್ರೆ ಇವತ್ತು ಯಾರಿಗೂ ಕೆಲಸ ಇಲ್ಲ!” ನಿತೇಶ್ ಕಿರುಚಿದ.

“ಆಯ್ತು” ಅಂದಳು ನೀಲಕ್ಕ. ಅಲ್ಲೇ ನೆಲದ ಮೇಲೆ ಕೂತಳು. ಉಳಿದವರೂ ಕೂತರು. ಹಿಂದಿನ ದಿನ ಬೇಯಿಸಿಟ್ಟ ಬೀಜದ ರಾಶಿ ಒಳಗೆ ಬಿದ್ದಿತ್ತು. ಒಡೆಯುವ ಕೈಗಳೆಲ್ಲ ಗೇಟಿನಲ್ಲಿ. ಎಂಟು ಗಂಟೆಯ ಸೈರನ್ ಆಯಿತು, ಒಂಬತ್ತಾಯಿತು. ಹತ್ತಕ್ಕೆ ಮಾಲೀಕರ ಕಾರು ಬಂತು. ಹತ್ತೂಕಾಲಿಗೆ ಮೇಜು ಎತ್ತಿದರು.

ಚಿಪ್ ಬದಲು ಕಾರ್ಡು ಕೊಡುತ್ತೇವೆ ಅಂದರು. ಕೊಡಲು ಒಂದು ತಿಂಗಳು ಎಳೆದರು, ಅದಕ್ಕೂ ನಾಲ್ಕು ಸಲ ಕೇಳಬೇಕಾಯಿತು. ಈಗ ಕುತ್ತಿಗೆಗೆ ಕಾರ್ಡು. ಕಕ್ಕಸಿಗೆ ಬರೀ ಚಿಲಕ. ಸಬೀಹಾ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು, ಬರೆದುಕೊಟ್ಟದ್ದು ಮನೋರಮಾ ಡಾಕ್ಟರು. ಅವಳನ್ನು ಮರಳಿ ಕೆಲಸಕ್ಕೆ ಕರೆದಿದ್ದಾರೆ. ಡಾಕ್ಟರೇ ಸಣ್ಣದಾಗಿ ಕೊಯ್ದು ಐವರದ್ದೂ ಚಿಪ್ ತೆಗೆದರು, ಸಬೀಹಾಳಿಗೆ ಎರಡು ಹೊಲಿಗೆ. ಆಗಲೂ ಅವಳ ಇನ್ನೊಂದು ಕೈ ಹಿಡಿದಿದ್ದದ್ದು ನಾನೇ. ಈಗ ಅವಳಿಗೆ ಆರನೇ ತಿಂಗಳು. ನೀರು ಕುಡಿಯುತ್ತಾಳೆ. ಆದರೆ ಅದುವರೆಗೆ ಸೇರಿಸಿಟ್ಟ ಮಾಹಿತಿ ಅಳಿಸಿದ್ದಾರಾ ಅಂತ ಕೇಳಿದರೆ ಇವತ್ತಿಗೂ ಉತ್ತರವಿಲ್ಲ. ನಿತೇಶ್ ಕ್ಷಮೆ ಕೇಳಲಿಲ್ಲ. ಅದಕ್ಕೇ ನನ್ನ ಸಿಟ್ಟು ಇಳಿದಿಲ್ಲ.

ಈಗ ನಿಮಗೆ ಹೇಳುತ್ತೇನೆ, ಓದುತ್ತಿರುವ ನಿಮಗೇ. ಈ ಕಥೆ ಕೇಳಿ ಮಗುವಿಗೆ ಲಸಿಕೆ ಹಾಕಿಸದೆ ಮನೆಯಲ್ಲಿ ಕೂತರೆ ನನ್ನ ಬಾಯಿಗೆ ಬೀಳುತ್ತೀರಿ. ಲಸಿಕೆ ಬೇರೆ, ಇದು ಬೇರೆ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಈ ದೇಶದ ಸುಪ್ರೀಂ ಕೋರ್ಟೇ ಹೇಳಿದೆ. ಅದು ಓದಿದವರಿಗೆ, ದುಡ್ಡಿದ್ದವರಿಗೆ ಮಾತ್ರ ಇರುವ ಹಕ್ಕಲ್ಲ. ಬೀಜ ಒಡೆಯುವವಳಿಗೂ ಉಂಟು, ಬೀಡಿ ಕಟ್ಟುವವಳಿಗೂ ಉಂಟು. ನಿಮ್ಮ ಹೆಬ್ಬೆರಳು ಯಂತ್ರಕ್ಕೆ ಹಿಡಿಸದಿದ್ದರೆ ಅದು ನಿಮ್ಮ ತಪ್ಪಲ್ಲ. ಕಾರ್ಡು ಕೇಳಿ, ಪುಸ್ತಕದಲ್ಲಿ ಸಹಿ ಕೇಳಿ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ, ಕನ್ನಡದಲ್ಲಿ ಕೊಡಿ ಅನ್ನಿ. ಒಬ್ಬರೇ ಕೇಳಲು ಹೆದರಿಕೆಯಾದರೆ ಸಂಘದವರೆಲ್ಲ ಒಟ್ಟಿಗೆ ಹೋಗಿ ಕೇಳಿ.

ನಾಳೆ ಯಾರಾದರೂ ಮೇಜು ಹಾಕಿ ಕೂತು ನಿಮ್ಮ ಕೈ ಕೇಳಿದರೆ, ಇದು ಏನು, ಯಾರಿಗಾಗಿ, ಬೇಡವಾದರೆ ತೆಗೆಯುವವರು ಯಾರು ಅಂತ ಮೊದಲು ಕೇಳಿ. ಉತ್ತರ ಸಿಗುವವರೆಗೆ ಕೈ ಸೆರಗಿನೊಳಗೇ ಇರಲಿ. ಪಕ್ಕದಲ್ಲಿ ಗುಲಾಬಿ ಸೀರೆಯವಳು ನಗುತ್ತಾ ನಿಂತಿದ್ದರೂ ಕೇಳಿ. ಅವಳು ನಾನೇ ಆಗಿದ್ದರೂ ಕೇಳಿ.